ಇಪ್ಪತ್ತೈದು ವರ್ಷದ ಗ್ಯಾರಂಟಿಯೂ ಮುರಿದ ಗರಗಸವೂ

ಕಳೆದ ಮಳೆಗಾಲದ ಒಂದು ಭಾನುವಾರ ಬೆಳಿಗ್ಗೆ ನಮ್ಮ ಡೊಂಬಿವಲಿ ಸೊಸೈಟಿಯ ಗೇಟಿಗೆ ಅಡ್ಡವಾಗಿ ಗುಲ್‌ಮೊಹರಿನ ಕೊಂಬೆಯೊಂದು ಬಿದ್ದಿತ್ತು. ತೊಡೆಯಷ್ಟು ದಪ್ಪವೇನಲ್ಲ, ಮುಂಗೈಯಷ್ಟು. ಹಾಲಿನವನು ಆಚೆ, ನಾವು ಈಚೆ. ಸುತ್ತ ಹತ್ತು ಮಂದಿ ನಿಂತು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದರೇ ಹೊರತು ಕೈ ಹಾಕುವವರು ಯಾರೂ ಇಲ್ಲ. ನಾನು ಮೇಲೆ ಹೋಗಿ ಮಗ ಕೊಟ್ಟ ಲೆದರ್‌ಮ್ಯಾನ್ ತಂದೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇದು ಜೇಬಿನಲ್ಲಿಟ್ಟುಕೊಳ್ಳುವ ಒಂದು ಮಡಚುವ ಉಪಕರಣ. ಬಿಚ್ಚಿದರೆ ಇಕ್ಕಳ, ಹಿಡಿಕೆಯೊಳಗೆ ಚಾಕು, ಕತ್ತರಿ, ಸ್ಕ್ರೂಡ್ರೈವರು, ಅರ, ಗರಗಸ. ನನ್ನದು ಸರ್ಜ್ ಅನ್ನುವ ದೊಡ್ಡ ಜಾತಿಯದು, ಮುನ್ನೂರೈವತ್ತು ಗ್ರಾಂ ತೂಗುತ್ತದೆ. ಜೇಬಿಗೆ ಹಾಕಿದರೆ ಪ್ಯಾಂಟು ಒಂದು ಕಡೆಗೆ ವಾಲುತ್ತದೆ. ಮಗ ಅಮೆರಿಕದಲ್ಲಿ ಕೆಲಸಕ್ಕೆ ಸೇರಿ ಮೊದಲ ಸಂಬಳದಲ್ಲಿ ತಂದುಕೊಟ್ಟದ್ದು, 2019ರಲ್ಲಿ. ಅವನಮ್ಮನಿಗೆ ಬಳೆ, ನನಗೆ ಇದು.

ಕೊಂಬೆಯ ಎರಡೂ ತುದಿ ನೆಲಕ್ಕೆ ಊರಿತ್ತು. ನಾನು ಜಾಣನ ಹಾಗೆ ನಡುವೆ ಮೇಲಿನಿಂದ ಕೊಯ್ಯಲು ಶುರು ಮಾಡಿದೆ. ಮುಕ್ಕಾಲು ಪಾಲು ಕೊಯ್ದಾಗ ಕೊಂಬೆ ತನ್ನ ಭಾರಕ್ಕೆ ಕುಸಿದು ಬ್ಲೇಡನ್ನು ಕಚ್ಚಿ ಹಿಡಿಯಿತು. ಎಳೆದೆ, ತಿರುಚಿದೆ. ಟಕ್ ಅಂತು. ಅರ್ಧ ಬ್ಲೇಡು ಕೊಂಬೆಯಲ್ಲಿ, ಅರ್ಧ ನನ್ನ ಕೈಯಲ್ಲಿ. (ಹಾಗೆ ಎರಡೂ ಕಡೆ ಆಧಾರವಿರುವ ಕೊಂಬೆಯನ್ನು ಮೇಲಿಂದ ಸ್ವಲ್ಪ ಕೊಯ್ದು, ಉಳಿದದ್ದನ್ನು ಕೆಳಗಿನಿಂದ ಕೊಯ್ಯಬೇಕು. ಊರಿನಲ್ಲಿ ಹತ್ತು ವರ್ಷದ ಹುಡುಗನಿಗೂ ಗೊತ್ತಿರುವ ವಿಷಯ. ಮೂವತ್ತು ವರ್ಷ ಲೆಡ್ಜರ್ ನೋಡಿದವನಿಗೆ ಮರೆತುಹೋಗಿತ್ತು.)

ರಾತ್ರಿ ಮಗನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. "ಅಪ್ಪಾ, ಅದಕ್ಕೆ ಇಪ್ಪತ್ತೈದು ವರ್ಷ ವಾರಂಟಿ ಇದೆ. ನೀವೇನೂ ಮಾಡ್ಲಿಕ್ಕೆ ಹೋಗ್ಬೇಡಿ. ಡಿಸೆಂಬರಿಗೆ ಬರುವಾಗ ಹೊಸತೇ ತರ್ತೇನೆ, ಅದನ್ನು ಬಿಟ್ಟುಬಿಡಿ" ಅಂದ.

ಬಿಟ್ಟುಬಿಡಿ! ಅವನು ಪ್ರೀತಿಯಿಂದಲೇ ಹೇಳಿದ್ದು, ಅದರಲ್ಲಿ ಸಂಶಯವಿಲ್ಲ. ಆದರೆ ಆ ಮಾತು ನನಗೆ ಯಾಕೋ ಕುಟುಕಿತು. ಅವನ ಮೊದಲ ಸಂಬಳದ ವಸ್ತುವನ್ನು ಅವನೇ ಬಿಟ್ಟುಬಿಡಿ ಅನ್ನುತ್ತಾನಲ್ಲ. ಇಪ್ಪತ್ತು ಸಾಮಾನಿನಲ್ಲಿ ಒಂದು ಮುರಿದಿದೆ, ಉಳಿದದ್ದೆಲ್ಲ ಕಲ್ಲುಗುಂಡಿನ ಹಾಗಿದೆ.

ಬ್ಯಾಂಕಿನವನಿಗೆ ಸಣ್ಣ ಅಕ್ಷರ ಓದುವ ಚಟ. ವಾರಂಟಿಯ ಶರತ್ತು ಓದಿದೆ. ಇಪ್ಪತ್ತೈದು ವರ್ಷ ನಿಜವೇ. ಆದರೆ ದುರ್ಬಳಕೆಗೆ ಇಲ್ಲ, ವಸ್ತುವನ್ನು ಮಾರ್ಪಡಿಸಿದರೆ ಇಲ್ಲ. ಇಲ್ಲಿಂದ ಒರೆಗಾನಿನ ಪೋರ್ಟ್‌ಲ್ಯಾಂಡಿಗೆ ಕಳಿಸಿ, ಕೊಂಬೆಯಲ್ಲಿ ಸಿಕ್ಕಿಸಿ ತಿರುಚಿದೆ ಎಂದು ಸತ್ಯ ಬರೆದು, ಅವರ ಉತ್ತರಕ್ಕೆ ಕಾಯಬೇಕು. ಅಷ್ಟರಲ್ಲಿ ನನ್ನ ರಿಟೈರ್‌ಮೆಂಟು ಬಂದಿರುತ್ತದೆ.

ನನ್ನ ಅಭಿಪ್ರಾಯ ಇಷ್ಟೇ. ಕೈಯಲ್ಲಿರುವ ವಸ್ತುವಿಗೆ ಅರ ಹಿಡಿಯಲು ಹೆದರುವವನು ಅದರ ಯಜಮಾನನಲ್ಲ. ಬ್ಯಾಂಕಿನ ಭಾಷೆಯಲ್ಲಿ ಹೇಳಬೇಕೆಂದರೆ ವಸ್ತು ಅವನ ಸ್ವಾಧೀನದಲ್ಲಿದೆ, ಮಾಲಿಕತ್ವ ಇನ್ನೂ ಕಂಪೆನಿಯದೇ. ಹೈರ್ ಪರ್ಚೇಸಿನಲ್ಲಿ ತಂದ ಆಟೋರಿಕ್ಷಾದ ಹಾಗೆ.

ತಮಾಷೆಯೆಂದರೆ ಈ ಉಪಕರಣ ಹುಟ್ಟಿದ್ದೇ ಇದ್ದ ಚಾಕು ಸಾಲದು ಅನ್ನಿಸಿದವನಿಂದ. ಟಿಮ್ ಲೆದರ್‌ಮ್ಯಾನ್ ಎಂಬಾತ 1975ರಲ್ಲಿ ಹೆಂಡತಿಯ ಜೊತೆ ಹಳೆಯ ಫಿಯಟ್ ಕಾರಿನಲ್ಲಿ ಯುರೋಪು ಸುತ್ತುತ್ತಿದ್ದ. ಕಾರು ಕೆಡುವುದು, ಅಗ್ಗದ ಹೋಟೆಲಿನ ನಲ್ಲಿ ಸೋರುವುದು, ಇದೇ ಗೋಳು. ಜೇಬಿನಲ್ಲಿ ಸ್ಕೌಟ್ ಚಾಕು ಇತ್ತು, ಇಕ್ಕಳ ಇರಲಿಲ್ಲ. ಊರಿಗೆ ಮರಳಿ ವರ್ಷಗಟ್ಟಲೆ ಅರ ಉಜ್ಜಿ ಮಾದರಿ ಮಾಡಿದ. 1980ರಲ್ಲಿ ಪೇಟೆಂಟ್ ಸಿಕ್ಕಿತು, ಕಂಪೆನಿ ಶುರುವಾದದ್ದು 1983ರಲ್ಲಿ. ಆತನೂ ಹೊಸತು ತರುತ್ತೇನೆ ಬಿಡು ಎಂದುಕೊಂಡಿದ್ದರೆ ಇದು ಹುಟ್ಟುತ್ತಲೇ ಇರಲಿಲ್ಲ.

ಅದಿರಲಿ. ಸರ್ಜ್‌ನ ಒಂದು ಗುಣ ನನಗೆ ಮೊದಲೇ ಗೊತ್ತಿತ್ತು. ಇದರ ಗರಗಸವನ್ನು ಕೊಂಡಿ ಬಿಡಿಸಿ ಹೊರತೆಗೆಯಬಹುದು. ಅದರ ಬುಡ ಜಿಗ್‌ಸಾ ಯಂತ್ರದ ಬ್ಲೇಡಿನ ಬುಡದ ಹಾಗೆಯೇ, ಇಂಗ್ಲಿಷಿನ ಟಿ ಅಕ್ಷರದ ಆಕಾರ. ಅಂದರೆ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುವ ಜಿಗ್‌ಸಾ ಬ್ಲೇಡು ಇದಕ್ಕೆ ಕೂರಬೇಕು. ಕೂರುತ್ತದೆ, ಆದರೆ ಸರಾಗವಾಗಿ ಅಲ್ಲ. ಉದ್ದ ಜಾಸ್ತಿ, ಮಡಚಿದರೆ ಹಿಡಿಕೆಯೊಳಗೆ ಹೋಗುವುದಿಲ್ಲ. ಆ ಹೆಚ್ಚಿನದನ್ನು ಕಳೆಯುವುದೇ ಕೆಲಸ.

ಶನಿವಾರ ಮಸ್ಜಿದ್ ಬಂದರಿನಲ್ಲಿಳಿದು ನಾಗದೇವಿ ಸ್ಟ್ರೀಟಿಗೆ ಹೋದೆ. ಮುಂಬಯಿಗೆ ಬಂದು ಮೂರು ದಶಕ ದಾಟಿದರೂ ಆ ಬೀದಿಗೆ ಹೋದರೆ ನಾನು ಹಳ್ಳಿಯವನೇ. ನಮ್ಮ ಅರಕ್ಕೆ ಅಲ್ಲಿ ಕಾನಸ, ಗರಗಸಕ್ಕೆ ಕರವತ. ಊರಿನ ಆಕ್ಸೋ ಬ್ಲೇಡು ಅಲ್ಲಿ ಹೆಕ್ಸಾ ಬ್ಲೇಡು, ಎರಡೂ ಹ್ಯಾಕ್‌ಸಾದ ಅಪಭ್ರಂಶವೇ. ಬಾಷ್‌ನ ಎರಡು ಪ್ಯಾಕೆಟ್ ತಂದೆ, ಟಿ101ಬಿ ಮರಕ್ಕೆ, ಟಿ118ಎ ಕಬ್ಬಿಣಕ್ಕೆ. ಪ್ಯಾಕೆಟ್ಟಿಗೆ ಐದೈದು. ಬುಡ ಯು ಆಕಾರದಲ್ಲಿರುವ ಹಳೆಯ ನಮೂನೆಯೂ ಕೆಲವು ಅಂಗಡಿಯಲ್ಲಿ ಇರುತ್ತದೆ, ಅದು ಇದಕ್ಕೆ ಹೊಂದುವುದಿಲ್ಲ, ನೋಡಿಕೊಂಡು ತನ್ನಿ.

ಮೊದಲ ಬ್ಲೇಡು ಹಾಳು ಮಾಡಿದೆ. ಎಂಐಡಿಸಿಯಲ್ಲಿ ಪರಿಚಯದವರೊಬ್ಬರ ಸಣ್ಣ ವರ್ಕ್‌ಶಾಪಿದೆ, ನಮ್ಮ ಶಾಖೆಯ ಹಳೆಯ ಸಾಲಗಾರರು. ಅವರ ಗ್ರೈಂಡರಿಗೆ ಮರದ ಬ್ಲೇಡು ಒತ್ತಿ ಹಿಡಿದೆ. ಕಿಡಿ ಹಾರಿತು, ಖುಷಿಯಾಯಿತು. ನೋಡಿದರೆ ತುದಿಯಿಂದ ಒಂದಿಂಚು ನೀಲಿ ಬಣ್ಣ. ಅವರು ನೋಡಿ ನಕ್ಕರು. "ಸಾಹೇಬ್, ಪಾಣಿ ಗೇಲಾ" ಅಂದರು. ಉಕ್ಕಿನ ನೀರು ಹೋಯಿತು ಅಂತ. ಮರದ ಬ್ಲೇಡು ಸಾಮಾನ್ಯ ಕಾರ್ಬನ್ ಉಕ್ಕಿನದು. ಕಾಯಿಸಿದರೆ ಮೊದಲು ಒಣಹುಲ್ಲಿನ ಬಣ್ಣ, ಸುಮಾರು ಮುನ್ನೂರು ಡಿಗ್ರಿಗೆ ನೀಲಿ. ಅಷ್ಟು ಹೊತ್ತಿಗೆ ಹದ ಇಳಿದು ಹಲ್ಲು ಮೆತ್ತಗಾಗಿರುತ್ತದೆ. ಕಬ್ಬಿಣ ಕೊಯ್ಯುವ ಬ್ಲೇಡು ಹೈಸ್ಪೀಡ್ ಸ್ಟೀಲಿನದು, ಅದು ಇದಕ್ಕಿಂತ ಎಷ್ಟೋ ಹೆಚ್ಚು ಶಾಖ ತಡೆಯುತ್ತದೆ, ಆದರೆ ಬಾಗುವುದಿಲ್ಲ, ಗಾಜಿನ ಹಾಗೆ ಮುರಿಯುತ್ತದೆ.

ಎರಡನೆಯದಕ್ಕೆ ಅವರೇ ದಾರಿ ತೋರಿಸಿದರು. ಹಳೆಯ ಗರಗಸದ ಉದ್ದವನ್ನು ಮುರಿದ ಎರಡು ತುಂಡು ಜೋಡಿಸಿ ಅಳೆದು ಹೊಸ ಬ್ಲೇಡಿನ ಮೇಲೆ ಗುರುತು ಹಾಕುವುದು. ಗುರುತಿನ ಮೇಲೆ ಗ್ರೈಂಡರಿನ ಅಂಚಿನಿಂದ ಒಂದು ಗೀರು, ಆಚೀಚೆ ಎರಡೂ ಬದಿಗೆ. ವೈಸಿನಲ್ಲಿ ಗೀರಿನ ತನಕ ಕಚ್ಚಿಸಿ, ಹೊರಗಿರುವ ತುದಿಗೆ ಬಟ್ಟೆ ಸುತ್ತಿ ಒಂದು ಪೆಟ್ಟು. ಬಟ್ಟೆ ಮರೆತರೆ ತುಂಡು ಎಲ್ಲಿಗೆ ಹಾರುತ್ತದೆಂದು ದೇವರಿಗೇ ಗೊತ್ತು. ನನ್ನದೊಂದು ಬಂದು ಕನ್ನಡಕಕ್ಕೆ ಹೊಡೆಯಿತು. ಗಾಜಿನ ಮೇಲೆ ಗೀರು ಇನ್ನೂ ಇದೆ, ಮನೆಯಲ್ಲಿ ಬೇರೆ ಕಾರಣ ಹೇಳಿದ್ದೇನೆ. ಆಮೇಲೆ ತುದಿಯನ್ನು ದುಂಡಗೆ ಮಾಡುವುದು, ಪಕ್ಕದ ಉಪಕರಣಕ್ಕೆ ತಾಗುತ್ತಿದ್ದರೆ ಬೆನ್ನನ್ನು ತುಸು ಸವೆಸುವುದು, ಪ್ರತಿ ಎರಡು ಸೆಕೆಂಡಿಗೊಮ್ಮೆ ನೀರಿಗೆ ಅದ್ದುವುದು. ಬರಿಗೈಯಲ್ಲಿ ಹಿಡಿಯಿರಿ, ಬೆರಳು ಸುಟ್ಟಿತೆಂದರೆ ಅದ್ದುವ ಹೊತ್ತಾಯಿತೆಂದು ಅರ್ಥ. ಹಲ್ಲಿನ ಬದಿಗಳನ್ನು ಮಾತ್ರ ಮುಟ್ಟಬಾರದು. ಹಲ್ಲಿನ ಅಂಚು ಬೆನ್ನಿಗಿಂತ ದಪ್ಪವಾಗಿರುವುದರಿಂದಲೇ ಬ್ಲೇಡಿನ ಉಳಿದ ಭಾಗಕ್ಕಿಂತ ಅಗಲವಾದ ದಾರಿ ಕೊರೆಯುವುದು. ಅದನ್ನು ಸವೆಸಿದರೆ ಮರ ಕಚ್ಚಿ ಹಿಡಿಯುತ್ತದೆ, ಮತ್ತೆ ಗುಲ್‌ಮೊಹರಿನ ಕಥೆಯೇ.

ಇನ್ನೊಂದು ವಿಷಯ ಮಾಡುವಾಗಲೇ ಗೊತ್ತಾದದ್ದು. ಜಿಗ್‌ಸಾ ಯಂತ್ರ ಬ್ಲೇಡನ್ನು ಮೇಲಕ್ಕೆ ಎಳೆಯುವಾಗ ಕೊಯ್ಯುತ್ತದೆ. ಹಾಗಾಗಿ ಹಲ್ಲುಗಳು ಬುಡದ ಕಡೆಗೆ ಮುಖ ಮಾಡಿರುತ್ತವೆ. ಕೈಯಲ್ಲಿ ಹಿಡಿದರೆ ನಮ್ಮ ಕಡೆಗೆ ಎಳೆಯುವಾಗ ಕೊಯ್ಯುತ್ತದೆ. ಇದು ಒಳ್ಳೆಯದೇ, ಎಳೆದರೆ ತೆಳುವಾದ ಬ್ಲೇಡು ಬಾಗುವುದಿಲ್ಲ. ಹ್ಯಾಕ್‌ಸಾ ಬ್ಲೇಡನ್ನು ಮುಂದಕ್ಕೆ ತಳ್ಳಿ ಕೊಯ್ಯಬಹುದು, ಯಾಕೆಂದರೆ ಅದನ್ನು ಫ್ರೇಮು ಬಿಗಿಯಾಗಿ ಎಳೆದು ಹಿಡಿದಿರುತ್ತದೆ. ನಾನು ಉತ್ಸಾಹದಲ್ಲಿ ಹ್ಯಾಕ್‌ಸಾ ಬ್ಲೇಡಿನ ತುಂಡಿಗೂ ಟಿ ಬುಡ ಕೊರೆದು ನೋಡಿದೆ. ಅದರ ದಪ್ಪ ಮುಕ್ಕಾಲು ಮಿಲಿಮೀಟರೂ ಇಲ್ಲ, ಕೊಂಡಿಯಲ್ಲಿ ಅಲುಗಾಡಿತು, ಕುತ್ತಿಗೆಯಲ್ಲೇ ಮುರಿಯಿತು. ಎರಡು ಶನಿವಾರ ದಂಡ.

ಅಪ್ಪ ಊರಿನಲ್ಲಿ ಮುರಿದ ಆಕ್ಸೋ ಬ್ಲೇಡಿಗೆ ಹಳೆಯ ಬಟ್ಟೆ ಸುತ್ತಿ ಬಾಳೆಎಲೆ ಕೊಯ್ಯುವ ಚಾಕು ಮಾಡಿಕೊಂಡಿದ್ದರು. ಹೆರೆಮಣೆಯ ಹಲ್ಲು ಸವೆದರೆ ತಾವೇ ಅರ ಹಿಡಿದು ಕೂರುತ್ತಿದ್ದರು. ಬಡತನ ಅಂದುಕೊಂಡಿದ್ದೆವು ನಾವು. ಬಡತನವೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಆ ಹೊತ್ತಿನಲ್ಲಿ ಅಪ್ಪನ ಮುಖ ಬಡವನ ಮುಖವಾಗಿರಲಿಲ್ಲ. ನಾನು ಬಿಕಾಂ ಮಾಡಿ ರೈಲು ಹತ್ತಿದ ಮೇಲೆ ಇಲ್ಲಿ ಬಲ್ಬು ಬದಲಿಸುವುದಕ್ಕೂ ವಾಚ್‌ಮನ್‌ನನ್ನು ಕರೆಯುವವನಾದೆ. ಫ್ಲ್ಯಾಟಿನ ಜೀವನವೇ ಹಾಗೆ ನೋಡಿ, ಗೋಡೆಗೆ ಮೊಳೆ ಹೊಡೆದರೆ ಪಕ್ಕದ ಮನೆಯವರು ಬಂದು ಬೆಲ್ ಒತ್ತುತ್ತಾರೆ.

ಹಾಗಂತ ಏನನ್ನು ಬೇಕಾದರೂ ಕೊರೆಯಿರಿ ಎಂದು ನಾನು ಹೇಳುತ್ತಿಲ್ಲ. ನಮ್ಮ ಭಾವ ಒಬ್ಬರಿದ್ದಾರೆ, ಥಾಣೆಯಲ್ಲಿ. ನನ್ನ ಸಾಹಸ ಕೇಳಿ ಅವರಿಗೂ ಹುರುಪು ಬಂತು. ತಮ್ಮ ವಿಕ್ಟೋರಿನಾಕ್ಸ್ ಚಾಕುವಿನ ಪಿನ್ನುಗಳನ್ನು ಕೊರೆದು ತೆಗೆದು ಉದ್ದದ ಗರಗಸ ಸೇರಿಸುತ್ತೇನೆಂದು ಹೊರಟರು. ಈಗ ಅದು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಬಿಡಿ ಭಾಗಗಳಾಗಿ ಇದೆ. ನಾನು ತಿದ್ದಿದ್ದು ಅರವತ್ತು ರೂಪಾಯಿಯ ಬ್ಲೇಡನ್ನು, ಸರ್ಜನ್ನಲ್ಲ. ಉಪಕರಣಕ್ಕೆ ಅರ ತಾಗಿಸಿಲ್ಲ, ನಾಳೆ ಕಂಪೆನಿಯ ಬ್ಲೇಡು ಬಂದರೆ ಹಾಗೆಯೇ ಕೂರುತ್ತದೆ. ಬ್ಯಾಂಕಿನಲ್ಲಿ ನಮಗೆ ಮೊದಲು ಕಲಿಸಿದ್ದೂ ಅದನ್ನೇ. ತಪ್ಪು ಅಂಕಿಯನ್ನು ಉಜ್ಜಿ ಅಳಿಸಬಾರದು, ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ ಹಾಕಬೇಕು. ಹಿಂದಿನದು ಕಾಣುತ್ತಿರಬೇಕು. (2020ರ ವಿಲೀನದಲ್ಲಿ ನಮ್ಮ ಬ್ಯಾಂಕಿನ ಹೆಸರನ್ನೇ ಅಳಿಸಿದರಲ್ಲ, ಅದಕ್ಕೆ ಯಾರು ಸಹಿ ಹಾಕಿದರೋ... ಇರಲಿ ಬಿಡಿ.) ಚಾಕುವಿನ ಲಾಕಿಗಂತೂ ಯಾರೂ ಕೈ ಹಾಕಬೇಡಿ. ಕೊಯ್ಯುವಾಗ ಮಡಚಿಕೊಂಡರೆ ಹೋಗುವುದು ಬೆರಳು.

ಮಗನ ವಾದದಲ್ಲೂ ಹುರುಳಿದೆ. ನಾನು ಮಾಡಿದ ಬ್ಲೇಡು ಕಂಪೆನಿಯದರಷ್ಟು ಬಿಗಿಯಾಗಿ ಕೂರುವುದಿಲ್ಲ, ಕೂದಲೆಳೆಯಷ್ಟು ಅಲುಗಾಡುತ್ತದೆ. ಹೋದ ದುಡ್ಡು, ಹೋದ ಶನಿವಾರಗಳು, ಕನ್ನಡಕದ ಗೀರು ಎಲ್ಲ ಕೂಡಿಸಿ ಬ್ಯಾಲೆನ್ಸ್ ಶೀಟ್ ಹಾಕಿದರೆ ನಷ್ಟವೇ. ಅಸಲಿ ಬ್ಲೇಡನ್ನು ಅವನ ಕೈಯಲ್ಲಿ ತರಿಸಿದ್ದರೆ ಅಗ್ಗವಾಗುತ್ತಿತ್ತು. ಒಪ್ಪಿದೆ. ಆದರೆ ಕಂಪೆನಿ ಒಂದು ಗರಗಸ ಕೊಟ್ಟಿತ್ತು, ಈಗ ನನ್ನಲ್ಲಿ ಎರಡಿವೆ. ಮರದ್ದು ಒಳಗೆ, ಕಬ್ಬಿಣದ್ದು ಚರ್ಮದ ಚೀಲದಲ್ಲಿ. ಹೋದ ತಿಂಗಳು ಮೂರನೇ ಮಹಡಿಯ ಅಜ್ಜಿಯ ಬೀಗದ ಕೀಲಿ ಕಳೆದುಹೋದಾಗ ಆ ಕಬ್ಬಿಣದ ಬ್ಲೇಡಿನಲ್ಲೇ ಬೀಗದ ಕೊಂಡಿ ಕೊಯ್ದೆ. ಇಪ್ಪತ್ತು ನಿಮಿಷ ಹಿಡಿಯಿತು, ಸಸ್ತಾ ಬೀಗ. ಅಜ್ಜಿ ಚಹಾ ಕೊಟ್ಟರು. "ಬೀಗ ಒಡೆಯಲು ಎಲ್ಲಿ ಕಲಿತಿರಿ, ಬ್ಯಾಂಕಿನಲ್ಲೇ?" ಎಂದು ಕೇಳಿದರು.

ಮೊನ್ನೆ ಮಗನಿಗೆ ಮತ್ತೆ ವಿಡಿಯೋದಲ್ಲಿ ತೋರಿಸಿದೆ. ಹತ್ತಿರ ಹಿಡಿಯಿರಿ ಅಂದ, ತಿರುಗಿಸಿ ಅಂದ, ಬೆನ್ನು ಯಾಕೆ ಸವೆಸಿದಿರಿ ಎಂದು ಕೇಳಿದ. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ವರ್ಕ್‌ಶಾಪು ಭಾನುವಾರವೂ ತೆಗೆದಿರ್ತದಾ?" ಅಂದ. ಇಲ್ಲ, ಶನಿವಾರ ಬಾ ಅಂದಿದ್ದೇನೆ. ಅವನದೂ ಒಂದು ಸರ್ಜ್ ಇದೆಯಂತೆ. ಅದನ್ನು ವಿಮಾನದಲ್ಲಿ ಕೈಚೀಲದಲ್ಲಿ ಇಡಬೇಡ, ಲಗೇಜಿಗೆ ಹಾಕು, ಇಲ್ಲದಿದ್ದರೆ ಸೆಕ್ಯುರಿಟಿಯವರ ಪಾಲಾಗುತ್ತದೆ ಎಂದು ಎರಡು ಸಲ ಹೇಳಿದ್ದೇನೆ. ಟಿ101ಬಿ ಪ್ಯಾಕೆಟ್ಟಿನಲ್ಲಿ ಇನ್ನೂ ಮೂರು ಉಳಿದಿವೆ.