ಸರಿಜೋಡಿ ಯಾರೆಂದು ತೀರ್ಮಾನಿಸುವವರು ಯಾರು?

ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಹೈಸ್ಕೂಲು ಬ್ಯಾಸ್ಕೆಟ್‌ಬಾಲ್ ಎಂದರೆ ಊರ ಮರ್ಯಾದೆಯ ಪ್ರಶ್ನೆ. ರಾಜ್ಯ ಟೂರ್ನಿಯನ್ನು ನಡೆಸುವುದು 1903ರಲ್ಲಿ ಹುಟ್ಟಿದ ಕ್ರೀಡಾ ಸಂಸ್ಥೆ. ಆದರೆ ಹಂಗಾಮಿನುದ್ದಕ್ಕೂ ಯಾರ ಎದುರು ಯಾರು ಆಡಬೇಕೆಂಬುದು ಬಹುಮಟ್ಟಿಗೆ ಶಾಲೆಗಳೇ ಕಟ್ಟಿಕೊಂಡ ‘ಕಾನ್ಫರೆನ್ಸ್’ಗಳ ಕೈಯಲ್ಲಿದೆ. ಈ ಕೂಟಗಳಿಗೆ ಯಾರು ಸೇರಿದರು, ಯಾರು ಬಿಟ್ಟರು ಎಂಬುದನ್ನು ಆಟದ ಪುಟದ ಸುದ್ದಿಯಾಗಿ ಮಾತ್ರ ನೋಡಿದರೆ ಸಾಲದು.

1926ರಲ್ಲಿ ಶುರುವಾದ ನಾರ್ತ್ ಸೆಂಟ್ರಲ್ ಕಾನ್ಫರೆನ್ಸ್ ಅನ್ನೇ ನೋಡೋಣ. ಆಂಡರ್ಸನ್, ಮನ್ಸಿ, ಕೊಕೊಮೊ, ಮೇರಿಯನ್, ನ್ಯೂ ಕ್ಯಾಸಲ್: ಹೆಚ್ಚಿನವು ಮೋಟಾರು ಬಿಡಿಭಾಗಗಳ ಕಾರ್ಖಾನೆಗಳಿಂದ ಬೆಳೆದ ಊರುಗಳು. ಸುಮಾರು 20 ಸಾವಿರ ಜನರಿದ್ದ ನ್ಯೂ ಕ್ಯಾಸಲ್ 1959ರಲ್ಲಿ 9 ಸಾವಿರದಷ್ಟು ಆಸನಗಳ ಒಳಾಂಗಣ ಕ್ರೀಡಾಂಗಣ ಕಟ್ಟಿಕೊಂಡಿತು. ಕಾರ್ಖಾನೆಗಳು ಮುಚ್ಚಿದಂತೆ ಶಾಲೆಗಳೂ ಬರಿದಾದವು. ಆಂಡರ್ಸನ್‌ನ ಮೂರು ಹೈಸ್ಕೂಲುಗಳು 2010ರ ಹೊತ್ತಿಗೆ ಒಂದಾದವು. ಅಲ್ಲಿನ ಪ್ರಸಿದ್ಧ ‘ವಿಗ್ವಾಮ್’ ಕ್ರೀಡಾಂಗಣ 2011ರಲ್ಲಿ ಬಾಗಿಲು ಹಾಕಿತು. ಮನ್ಸಿಯ ಸೌತ್‌ಸೈಡ್ ಹೈಸ್ಕೂಲು 2014ರಲ್ಲಿ ಮುಚ್ಚಿತು. ನ್ಯೂ ಕ್ಯಾಸಲ್ ಬೇರೆ ಕೂಟಕ್ಕೆ ಹೋಯಿತು.

ಇತ್ತ ಇಂಡಿಯಾನಾಪೊಲಿಸ್ ಸುತ್ತಲಿನ ಉಪನಗರಗಳು ಉಬ್ಬಿದವು. 2000ದಲ್ಲಿ ಹುಟ್ಟಿದ ಹೂಸಿಯರ್ ಕ್ರಾಸ್‌ರೋಡ್ಸ್ ಕಾನ್ಫರೆನ್ಸ್ ಅವುಗಳ ನೆಲೆಯಾಯಿತು. ಅಲ್ಲಿದ್ದ ಲಫಾಯೆಟ್ ಕಡೆಯ ಹ್ಯಾರಿಸನ್, ಮೆಕಚನ್ ಶಾಲೆಗಳು ಕೊನೆಗೆ ನಾರ್ತ್ ಸೆಂಟ್ರಲ್‌ಗೆ ಬಂದವು. ದುಡ್ಡು ಯಾವ ದಿಕ್ಕಿಗೆ ಹರಿಯಿತೋ ಸದಸ್ಯತ್ವದ ನಕ್ಷೆಯೂ ಅದೇ ದಿಕ್ಕಿಗೆ ವಾಲಿತು.

ಹೊರಗಿಡುವ ಚಾಳಿ ಹೊಸದೇನಲ್ಲ. 1927ರಲ್ಲಿ ಕಪ್ಪು ಜನಾಂಗದ ಮಕ್ಕಳಿಗೆಂದೇ ಇಂಡಿಯಾನಾಪೊಲಿಸ್‌ನಲ್ಲಿ ತೆರೆದ ಕ್ರಿಸ್ಪಸ್ ಆಟಕ್ಸ್ ಶಾಲೆಗೆ ರಾಜ್ಯ ಸಂಸ್ಥೆ 1942ರವರೆಗೆ ಸದಸ್ಯತ್ವವನ್ನೇ ಕೊಡಲಿಲ್ಲ. ಅದೇ ಶಾಲೆ ಆಸ್ಕರ್ ರಾಬರ್ಟ್‌ಸನ್ ಆಟದ ಬಲದಿಂದ 1955 ಮತ್ತು 1956ರಲ್ಲಿ ರಾಜ್ಯ ಪ್ರಶಸ್ತಿ ಗೆದ್ದಿತು. ಅದನ್ನು ಅಷ್ಟು ವರ್ಷ ತಡೆದದ್ದು ಆಟದ ಮಟ್ಟವಲ್ಲ, ಒಳಗಿದ್ದವರ ಒಪ್ಪಿಗೆ.

ಶಾಲೆ ಬದಲಾದರೆ ಜೊತೆಗಾರರೂ ಬದಲಾಗಬೇಕಲ್ಲವೇ ಎಂಬ ವಾದದಲ್ಲಿ ಹುರುಳಿಲ್ಲದಿಲ್ಲ. 4 ಸಾವಿರ ಮಕ್ಕಳ ಶಾಲೆಯ ಎದುರು ಸಾವಿರ ಮಕ್ಕಳ ಶಾಲೆಯನ್ನು ಫುಟ್‌ಬಾಲ್ ಕಣಕ್ಕಿಳಿಸಿದರೆ ಅವಮಾನವಷ್ಟೇ ಅಲ್ಲ, ಮೂಳೆಯೂ ಮುರಿದೀತು. ಆದರೆ ತಲೆ ಎಣಿಸಿದ ಮಾತ್ರಕ್ಕೆ ಸಮಬಲ ಸಿಗದು. ಖಾಸಗಿ ತರಬೇತಿ, ವರ್ಷವಿಡೀ ನಡೆಯುವ ಕ್ಲಬ್ ಆಟ, ಪೋಷಕರ ಬಿಡುವು, ಇವೆಲ್ಲಕ್ಕೂ ಮನೆಯ ವರಮಾನವೇ ಬುನಾದಿ.

ಆರೆಗನ್ ರಾಜ್ಯ ಬೇರೆ ದಾರಿ ಹಿಡಿದಿದೆ. ಅಲ್ಲಿ ರಾಜ್ಯ ಕ್ರೀಡಾ ಸಂಸ್ಥೆಯೇ ಕಾಲಕಾಲಕ್ಕೆ ಲೀಗ್‌ಗಳನ್ನು ಹಂಚುತ್ತದೆ. ಶಾಲೆಯ ಗಾತ್ರ ಅಳೆಯುವಾಗ ಮಕ್ಕಳ ಬಡತನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ತಕರಾರುಗಳು ಅಲ್ಲೂ ಇವೆ. ಆದರೆ ತಕರಾರು ಹೇಳಿಕೊಳ್ಳಲು ಒಂದು ಬಹಿರಂಗ ವೇದಿಕೆಯಿದೆ, ಎಲ್ಲರಿಗೂ ಕಾಣುವ ಮಾನದಂಡವಿದೆ.

ಇಂಡಿಯಾನಾ ಪೂರ್ತಿ ಆ ಹಾದಿಗೆ ಬರಬೇಕಿಲ್ಲ. ಸದಸ್ಯ ಶಾಲೆಯೊಂದನ್ನು ಸೇರಿಸುವ, ಬಿಡುವ ಕಾರಣಗಳನ್ನು ಕೂಟಗಳು ಬರೆದು ಪ್ರಕಟಿಸಲಿ. ಎಲ್ಲಿಯೂ ಸೇರಿಸಿಕೊಳ್ಳದ ಶಾಲೆಗೆ ಪಂದ್ಯಗಳನ್ನು ಒದಗಿಸುವ ಹೊಣೆಯನ್ನು ರಾಜ್ಯ ಸಂಸ್ಥೆ ಹೊರಲಿ. ಸಾರ್ವಜನಿಕರ ತೆರಿಗೆಯಲ್ಲಿ ನಡೆಯುವ ಶಾಲೆಗಳಿಂದ ಇಷ್ಟನ್ನು ಕೇಳುವುದು ಹೆಚ್ಚಾಗದು.