ಲೆಕ್ಕ ಕೇಳಿದ ಹಿರಿಯರು

1885ರಿಂದ ಕಾಂಗ್ರೆಸ್ಸನ್ನು ಕಟ್ಟಿ ಬೆಳೆಸಿದ ಮೊದಲ ತಲೆಮಾರಿನ ನಾಯಕರನ್ನು ‘ಭಿಕ್ಷಾಪಾತ್ರೆ ಹಿಡಿದವರು’ ಎಂದು ಹೀಗಳೆಯುವ ರೂಢಿ ಇಂದಿಗೂ ಅಳಿದಿಲ್ಲ. ಮನವಿ, ಠರಾವು, ನಿಯೋಗ ಇವಿಷ್ಟೇ ಅವರ ಸಾಧನೆಯೆಂಬುದು ಅನ್ಯಾಯದ ಮಾತು. ಭಿಕ್ಷುಕನು ದಾನಿಯ ಜಮಾಖರ್ಚನ್ನು ಪರಿಶೋಧಿಸುವುದುಂಟೆ?

ದಾದಾಭಾಯಿ ನವರೋಜಿಯವರು ಮಾಡಿದ್ದು ಆ ಪರಿಶೋಧನೆಯನ್ನೇ. 1870ರ ದಶಕದಲ್ಲಿ, ಸರ್ಕಾರದ ಅಂಕಿಅಂಶಗಳಿಂದಲೇ, ಬ್ರಿಟಿಷ್ ಭಾರತದ ತಲಾ ವಾರ್ಷಿಕ ಆದಾಯ ಸುಮಾರು 20 ರೂಪಾಯಿ ಮಾತ್ರವೆಂದು ಅವರು ತೋರಿಸಿದರು. ಆಂಗ್ಲ ಅಧಿಕಾರಿಗಳ ಸಂಬಳ, ನಿವೃತ್ತಿವೇತನ, ಲಂಡನ್ನಿನ ಆಡಳಿತವೆಚ್ಚ ಇವುಗಳ ಮೂಲಕ ದೇಶದ ಸಂಪತ್ತು ಪ್ರತಿಫಲವಿಲ್ಲದೆ ಹೊರಗೆ ಹರಿಯುತ್ತಿದೆಯೆಂದು 1901ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು. 1902ರಲ್ಲಿ ಗೋಪಾಲಕೃಷ್ಣ ಗೋಖಲೆಯವರು, ಮುಂಗಡಪತ್ರದ ಉಳಿಕೆಯು ಪ್ರಜೆಗಳ ಸಮೃದ್ಧಿಯ ಗುರುತಲ್ಲ, ಅತಿಯಾದ ತೆರಿಗೆಯ ಫಲವೆಂದು ವೈಸ್‌ರಾಯರ ಶಾಸನಸಭೆಯಲ್ಲೇ ವಾದಿಸಿದರು. ಮರುವರ್ಷ ಉಪ್ಪಿನ ತೆರಿಗೆಯು ಮಣಕ್ಕೆ ಎರಡೂವರೆ ರೂಪಾಯಿಯಿಂದ ಎರಡಕ್ಕೆ ಇಳಿಯಿತು.

ಆಂಗ್ಲರ ನ್ಯಾಯಬುದ್ಧಿಯನ್ನು ಅವರು ಅತಿಯಾಗಿ ನಂಬಿದರು, ರೈತರನ್ನು ಸಂಘಟಿಸಲಿಲ್ಲ. ಈ ಕೊರತೆ ನಿಜ. ಆದರೆ ಉತ್ಪ್ರೇಕ್ಷೆಯಿಲ್ಲದೆ, ದ್ವೇಷವಿಲ್ಲದೆ, ಆಳುವವನ ಸುಳ್ಳನ್ನು ಅವನ ಲೆಕ್ಕದ ಪುಸ್ತಕದಿಂದಲೇ ಹೊರಗೆಡಹುವುದಕ್ಕೆ ಹೇಡಿತನವೆಂಬ ಹೆಸರು ಸಲ್ಲದು, ಅದು ಸತ್ಯನಿಷ್ಠೆ. 1906ರ ಕಲ್ಕತ್ತಾ ಅಧಿವೇಶನದಲ್ಲಿ ಸ್ವರಾಜ್ಯವೇ ಗುರಿಯೆಂದು ಸಾರಿದವರೂ 81ರ ಅದೇ ದಾದಾಭಾಯಿ. ಮುಂದಿನವರ ಘೋಷಣೆಗೆ ಆಧಾರವಾದದ್ದು ಈ ಹಿರಿಯರ ಲೆಕ್ಕವೇ. ಸಾಲ ತೀರಿಸದೆ, ಸಾಲ ಕೊಟ್ಟವನನ್ನೇ ನಿಂದಿಸುವುದು ಸಜ್ಜನರ ಲಕ್ಷಣವಲ್ಲ.