ಲಸಿಕೆಯ ಲೆಕ್ಕ ಬಯಲಿನಲ್ಲಿರಲಿ

ಯುಕ್ತಿಯಿಂದ ಬಳಸಿದರೆ ವಿಷವೂ ಔಷಧವಾಗುತ್ತದೆ, ಯುಕ್ತಿ ತಪ್ಪಿದರೆ ಔಷಧವೂ ವಿಷವಾಗುತ್ತದೆ ಎಂಬ ತಿಳಿವು ನಮ್ಮ ವೈದ್ಯಶಾಸ್ತ್ರದಷ್ಟೇ ಹಳೆಯದು. ಯಾವ ಪದ್ಧತಿಯ ಔಷಧವೂ ಈ ಮಾತಿಗೆ ಹೊರತಲ್ಲ, ಲಸಿಕೆಯೂ ಹೊರತಲ್ಲ. ಲಕ್ಷಾಂತರ ಮಕ್ಕಳನ್ನು ಕಾಯುವ ಲಸಿಕೆ ಎಲ್ಲೋ ಒಂದು ಮಗುವಿಗೆ ಹಾನಿ ಮಾಡುವುದುಂಟು. ಆ ಮನೆಯವರಿಗೆ ಸಮಾಜ ಏನನ್ನು ಕೊಡಬೇಕು? ಆ ಹಾನಿಯ ಲೆಕ್ಕವನ್ನು ಯಾರ ಮುಂದೆ ಇಡಬೇಕು? ಈ ತಿಂಗಳು ಸದ್ಭಕ್ತರ ಮುಂದೆ ನಾವು ಇಡಬಯಸುವುದು ಈ ಎರಡು ಪ್ರಶ್ನೆಗಳನ್ನು.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸುತ್ತೇವೆ. ಆಯುರ್ವೇದ ವೈದ್ಯರು ಲಸಿಕೆಯ ವಿರೋಧಿಗಳು ಎಂಬ ಭಾವನೆ ಕೆಲವರಲ್ಲಿದೆ. ಅದು ಸರಿಯಲ್ಲ. ಸಿಡುಬಿನ ಕಲೆಗಳನ್ನು ಮುಖದ ಮೇಲೆ ಹೊತ್ತ ಹಿರಿಯರನ್ನು ನಮ್ಮ ತಲೆಮಾರು ಕಣ್ಣಾರೆ ಕಂಡಿದೆ. 1980ರಲ್ಲಿ ಜಗತ್ತು ಸಿಡುಬಿನಿಂದ ಮುಕ್ತವಾಯಿತೆಂದು ಘೋಷಣೆಯಾದದ್ದು ಲಸಿಕೆಯ ಬಲದಿಂದಲೇ. ನಮ್ಮ ದೇಶದಲ್ಲಿ ಪೋಲಿಯೋದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. 2014ರ ಮಾರ್ಚ್‌ನಲ್ಲಿ ಪೋಲಿಯೋಮುಕ್ತ ಎಂಬ ಪ್ರಮಾಣಪತ್ರ ದೊರೆಯಿತು. ಇಷ್ಟು ದೊಡ್ಡ ಉಪಕಾರವನ್ನು ಅಲ್ಲಗಳೆಯುವವರು ವೈದ್ಯರೆನಿಸಿಕೊಳ್ಳಲಾರರು. ಆದರೆ ಉಪಕಾರ ದೊಡ್ಡದೆಂಬ ಕಾರಣಕ್ಕೆ ಅಪಕಾರದ ಲೆಕ್ಕವನ್ನು ಮುಚ್ಚಿಡುವುದೂ ವೈದ್ಯಧರ್ಮವಲ್ಲ.

ಈ ವಿಷಯದಲ್ಲಿ ಅಮೆರಿಕ ನಡೆದುಬಂದ ದಾರಿ ತಿಳಿದುಕೊಳ್ಳತಕ್ಕದ್ದಾಗಿದೆ. 1955ರಲ್ಲಿ ಅಲ್ಲಿಯ ಕಟ್ಟರ್ ಎಂಬ ಕಂಪನಿಯ ಪೋಲಿಯೋ ಲಸಿಕೆಯಲ್ಲಿ ಜೀವಂತ ವೈರಾಣು ಉಳಿದುಹೋಗಿತ್ತು. ಅದರಿಂದ ಸುಮಾರು ಇನ್ನೂರು ಜನರ ಕೈಕಾಲುಗಳ ಶಕ್ತಿ ಹೋಯಿತು, ಹತ್ತು ಜನ ತೀರಿಕೊಂಡರು. ಮುಂದೆ 1980ರ ದಶಕದಲ್ಲಿ ನಾಯಿಕೆಮ್ಮಿನ ಲಸಿಕೆಯ ಮೇಲೆ ಮೊಕದ್ದಮೆಗಳು ಹೆಚ್ಚಿದವು. ಕಂಪನಿಗಳು ಒಂದೊಂದಾಗಿ ಲಸಿಕೆ ತಯಾರಿಕೆಯಿಂದ ಹಿಂದೆ ಸರಿಯತೊಡಗಿದವು. ಆಗ 1986ರಲ್ಲಿ ಅಲ್ಲಿಯ ಸಂಸತ್ತು ಒಂದು ಕಾಯಿದೆ ಮಾಡಿತು. 1988ರಿಂದ ಪರಿಹಾರ ಯೋಜನೆ ಜಾರಿಗೆ ಬಂದಿತು. ಕಂಪನಿಯ ತಪ್ಪನ್ನು ಸಾಬೀತು ಮಾಡುವ ಹೊಣೆ ಸಂತ್ರಸ್ತರ ಮೇಲೆ ಇಲ್ಲ. ಯಾವ ಲಸಿಕೆಯಿಂದ, ಎಷ್ಟು ಕಾಲದೊಳಗೆ, ಯಾವ ತೊಂದರೆ ಕಾಣಿಸಿದರೆ ಅದನ್ನು ಲಸಿಕೆಯದೆಂದು ಭಾವಿಸಬೇಕು ಎಂಬ ಪಟ್ಟಿಯನ್ನು ಸರ್ಕಾರವೇ ಪ್ರಕಟಿಸಿದೆ. ಲಸಿಕೆ ಎಷ್ಟು ರೋಗಗಳನ್ನು ತಡೆಯುತ್ತದೆಯೋ ರೋಗವೊಂದಕ್ಕೆ 75 ಸೆಂಟ್‌ನಂತೆ ಪ್ರತಿ ಡೋಸಿನ ಮೇಲೆ ತೆರಿಗೆ ಹಾಕಿ ಆ ಹಣವನ್ನು ಒಂದು ನಿಧಿಯಲ್ಲಿ ಕೂಡಿಡುತ್ತಾರೆ. ಎಲ್ಲರ ಹಿತಕ್ಕಾಗಿ ಒಬ್ಬನು ನೊಂದರೆ ಅವನ ಭಾರವನ್ನು ಎಲ್ಲರೂ ಹೊರಬೇಕೆಂಬುದು ಇದರ ತಿರುಳು.

ನಮಗೆ ಇದಕ್ಕಿಂತ ಮುಖ್ಯವೆನಿಸುವುದು ಆ ಯೋಜನೆಯ ಲೆಕ್ಕ ಬಯಲಿನಲ್ಲಿರುವುದು. ಎಷ್ಟು ಅರ್ಜಿಗಳು ಬಂದವು, ಯಾವ ಲಸಿಕೆಯ ಕುರಿತು ಬಂದವು, ಎಷ್ಟಕ್ಕೆ ಪರಿಹಾರ ಸಂದಿತು, ಎಷ್ಟು ತಿರಸ್ಕೃತವಾದವು ಎಂಬ ಅಂಕಿಅಂಶಗಳನ್ನು ಅಲ್ಲಿಯ ಆರೋಗ್ಯ ಇಲಾಖೆ ನಿಯತವಾಗಿ ಪ್ರಕಟಿಸುತ್ತದೆ. ನ್ಯಾಯಾಲಯದ ತೀರ್ಪುಗಳನ್ನೂ ಯಾರು ಬೇಕಾದರೂ ಓದಬಹುದು. 1988ರಿಂದ ಈಚೆಗೆ 28 ಸಾವಿರಕ್ಕೂ ಮಿಕ್ಕಿ ಅರ್ಜಿಗಳು ಬಂದಿವೆ. ಸುಮಾರು 12 ಸಾವಿರ ಅರ್ಜಿಗಳಿಗೆ ಪರಿಹಾರ ದೊರೆತಿದೆ. ಸಂದಾಯವಾದ ಮೊತ್ತ 500 ಕೋಟಿ ಡಾಲರನ್ನು ದಾಟಿದೆ. ಅದೇ ಲೆಕ್ಕವನ್ನು ಹಂಚಿಕೆಯಾದ ಡೋಸುಗಳ ಜೊತೆ ಇಟ್ಟು ನೋಡಿದರೆ, ಹತ್ತು ಲಕ್ಷ ಡೋಸಿಗೆ ಸುಮಾರು ಒಬ್ಬರಿಗೆ ಪರಿಹಾರ ಸಂದಂತಾಗುತ್ತದೆ. ಪರಿಹಾರ ಪಡೆದ ಪ್ರಕರಣಗಳಲ್ಲಿ ಬಹಳಷ್ಟು ಎರಡೂ ಕಡೆಯವರು ರಾಜಿ ಮಾಡಿಕೊಂಡಂಥವು. ಅವುಗಳಲ್ಲಿ ಲಸಿಕೆಯೇ ಕಾರಣವೆಂದು ಸರ್ಕಾರ ಒಪ್ಪಿದೆ ಎಂದು ತಿಳಿಯಬಾರದೆಂಬುದನ್ನೂ ಅಲ್ಲಿಯೇ ಬರೆದಿರುತ್ತಾರೆ.

ಈ ಬಯಲ ಲೆಕ್ಕದಿಂದ ಎರಡು ಲಾಭಗಳಾಗುತ್ತವೆ. ಹೆದರಿದ ತಾಯಿಗೆ ಅಪಾಯ ಎಷ್ಟು ವಿರಳವೆಂಬುದು ತಿಳಿಯುತ್ತದೆ. ವೈದ್ಯರಿಗೆ ತಿದ್ದಿಕೊಳ್ಳುವ ದಾರಿ ಕಾಣುತ್ತದೆ. ಸೂಜಿಯನ್ನು ಭುಜದ ತೀರ ಮೇಲ್ಭಾಗಕ್ಕೆ ಚುಚ್ಚಿದರೆ ಕೀಲಿಗೆ ಪೆಟ್ಟಾಗಿ ತಿಂಗಳುಗಟ್ಟಲೆ ಕೈ ಎತ್ತಲಾಗದ ಸ್ಥಿತಿ ಬರುವುದುಂಟು. ಇಂಥ ಅರ್ಜಿಗಳು ಮೇಲಿಂದ ಮೇಲೆ ಬಂದಾಗ 2017ರಲ್ಲಿ ಆ ತೊಂದರೆಯನ್ನೂ ಪಟ್ಟಿಗೆ ಸೇರಿಸಿದರು. ಇದು ಔಷಧದ ದೋಷವಲ್ಲ, ಚುಚ್ಚುವ ಕೈಯ ದೋಷ. ಲೆಕ್ಕವಿದ್ದುದರಿಂದ ದೋಷ ಕಂಡಿತು. ಕಂಡ ದೋಷವನ್ನು ತಿದ್ದಬಹುದು.

ಅದೇ ದೇಶದಲ್ಲಿ ಇದಕ್ಕೆ ವಿರುದ್ಧವಾದ ಉದಾಹರಣೆಯೂ ಉಂಟು. ಕೋವಿಡ್ ಲಸಿಕೆಯಿಂದಾದ ಹಾನಿಯ ಅರ್ಜಿಗಳು ಈ ಯೋಜನೆಗೆ ಬಾರದೆ, ತುರ್ತುಸ್ಥಿತಿಗೆಂದು ಮಾಡಿದ ಮತ್ತೊಂದು ಯೋಜನೆಗೆ ಹೋದವು. ಅಲ್ಲಿ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ತೀರ್ಮಾನ ಮಾಡುವವರು ಅಧಿಕಾರಿಗಳು; ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿಲ್ಲ. ಒಟ್ಟು ಸಂಖ್ಯೆಗಳು ಹೊರಬರುತ್ತವೆಯೇ ಹೊರತು, ಒಪ್ಪಿದ್ದೇಕೆ, ತಳ್ಳಿದ್ದೇಕೆ ಎಂಬ ಕಾರಣಗಳನ್ನು ಜನ ಓದಲಾಗುವುದಿಲ್ಲ. ಹತ್ತು ಸಾವಿರಕ್ಕೂ ಮಿಕ್ಕಿ ಅರ್ಜಿಗಳಲ್ಲಿ ಪರಿಹಾರದ ಹಣ ಮುಟ್ಟಿದ್ದು ಬೆರಳೆಣಿಕೆಯ ಮಂದಿಗೆ. ತಿರಸ್ಕಾರ ನ್ಯಾಯವಾದದ್ದೇ ಇರಬಹುದು. ಆದರೆ ಕಾರಣ ಕಾಣದಿದ್ದಾಗ ನ್ಯಾಯವೂ ಅನ್ಯಾಯದಂತೆ ತೋರುತ್ತದೆ. ಜಾತ್ರೆ ಮುಗಿದ ಮೇಲೆ ದಾಸೋಹದ ಜಮಾ-ಖರ್ಚನ್ನು ಹತ್ತು ಜನರ ಮುಂದೆ ಓದಿ ಹೇಳುವ ಊರಿನಲ್ಲಿ ಗುಸುಗುಸು ಮಾತು ಹುಟ್ಟುವುದಿಲ್ಲ. ಲೆಕ್ಕದ ಪುಸ್ತಕವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ ಊರಿನಲ್ಲಿ ಅದು ನಿಲ್ಲುವುದಿಲ್ಲ.

ನಮ್ಮ ದೇಶದತ್ತ ನೋಡೋಣ. ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ 1985ರಲ್ಲಿ ಆರಂಭವಾಯಿತು. ಲಸಿಕೆಯ ನಂತರ ತೊಂದರೆ ಕಂಡರೆ ಆಶಾ ಕಾರ್ಯಕರ್ತೆಯಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ಜಿಲ್ಲೆ, ರಾಜ್ಯ, ರಾಷ್ಟ್ರ ಮಟ್ಟದ ಸಮಿತಿಗಳಿಗೆ ವರದಿ ಹೋಗುವ ಏರ್ಪಾಡು ಇದೆ. ಆದರೆ ಪರಿಹಾರದ ಕಾಯಿದೆ ಅದರ ಜೊತೆಗೆ ಬರಲಿಲ್ಲ. ಹೊಸ ಔಷಧದ ಪ್ರಯೋಗಕ್ಕೆ ಒಳಗಾದವನಿಗೆ ಹಾನಿಯಾದರೆ 2019ರ ನಿಯಮಗಳಂತೆ ಪರಿಹಾರ ಉಂಟು. ಅದೇ ಔಷಧವನ್ನು ಪ್ರಯೋಗ ಮುಗಿದ ಮೇಲೆ ಸರ್ಕಾರದ ಕರೆಗೆ ಓಗೊಟ್ಟು ಪಡೆದವನಿಗೆ ಕೋವಿಡ್ ಕಾಲದಲ್ಲಿ ಅಂಥ ಆಸರೆ ಇರಲಿಲ್ಲ. 2022ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು, ಜನರೂ ವೈದ್ಯರೂ ಲಸಿಕೆಯ ದುಷ್ಪರಿಣಾಮಗಳನ್ನು ವರದಿ ಮಾಡಲು ಮತ್ತು ಆ ವರದಿಗಳು ವ್ಯಕ್ತಿಗಳ ಗೋಪ್ಯತೆಗೆ ಧಕ್ಕೆ ಬಾರದಂತೆ ಸಾರ್ವಜನಿಕರಿಗೆ ಸಿಗಲು ವ್ಯವಸ್ಥೆ ಮಾಡಬೇಕೆಂದು ಆದೇಶಿಸಿತು. ಅದೇ ವರ್ಷದ ನವೆಂಬರಿನಲ್ಲಿ, ಸಾವಿಗೆ ಪರಿಹಾರ ಬೇಕೆಂದವರು ಸಿವಿಲ್ ನ್ಯಾಯಾಲಯಕ್ಕೆ ಹೋಗಬಹುದೆಂದು ಕೇಂದ್ರ ಸರ್ಕಾರ ಪ್ರಮಾಣಪತ್ರ ಸಲ್ಲಿಸಿತು. ಕೂಲಿನಾಲಿ ಮಾಡುವ ಕುಟುಂಬಕ್ಕೆ ಆ ದಾರಿ ಎಷ್ಟು ದೂರವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದೂರದ ಮಾತೇಕೆ? 2022ರ ಜನವರಿಯಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲೂಕಿನಲ್ಲಿ ಲಸಿಕೆ ಪಡೆದ ಮೂರು ಎಳೆಯ ಕೂಸುಗಳು ತೀರಿಕೊಂಡವು. ಲಸಿಕೆಯನ್ನು ಕಾಪಿಟ್ಟ ಬಗೆಯಲ್ಲಿ ಲೋಪವಾಗಿತ್ತೆಂಬ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ಇಂಥ ಪ್ರಕರಣದ ಆಮೂಲಾಗ್ರ ತನಿಖಾ ವರದಿಯನ್ನು ಪಕ್ಕದ ಹಳ್ಳಿಯ ತಾಯಿ ತನ್ನ ಭಾಷೆಯಲ್ಲಿ ಓದುವಂತಾದರೆ, ಕೆಟ್ಟದ್ದು ಲಸಿಕೆಯೋ ಅದನ್ನು ಕಾಪಾಡಿದ ರೀತಿಯೋ ಎಂಬುದು ಅವಳಿಗೆ ತಿಳಿಯುತ್ತದೆ. ತಿಳಿಯದಿದ್ದರೆ ಅವಳು ತನ್ನ ಕೂಸನ್ನು ಲಸಿಕೆಗೆ ಒಯ್ಯುವುದನ್ನೇ ಬಿಡುತ್ತಾಳೆ. ಆಗ ದಡಾರ ಮರಳಿ ಬರುತ್ತದೆ.

ಅಂಕಿಅಂಶ ಹೊರಗಿಟ್ಟರೆ ಜನ ಬೆದರುತ್ತಾರೆ ಎಂಬುದು ಅಧಿಕಾರಿಗಳ ವಾದ. ಇದರಲ್ಲಿ ಹುರುಳಿಲ್ಲವೆನ್ನಲಾಗದು. ವರದಿಯಾದದ್ದೆಲ್ಲ ಲಸಿಕೆಯಿಂದಲೇ ಆದದ್ದಲ್ಲ. ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ನಂಟು ಕಟ್ಟುವವರು ಎಲ್ಲೆಡೆ ಇದ್ದಾರೆ. ಆದರೆ ಅದಕ್ಕೆ ಮದ್ದು ಮೌನವಲ್ಲ, ವಿವರಣೆ. ಅಮೆರಿಕದಲ್ಲಿ 1998ರಲ್ಲಿ ಬಂದ ಒಂದು ರೋಟಾವೈರಸ್ ಲಸಿಕೆಯಿಂದ ಕೂಸುಗಳ ಕರುಳು ಒಂದರೊಳಗೊಂದು ಸಿಕ್ಕಿಕೊಳ್ಳುವ ತೊಂದರೆ ಬರುತ್ತಿದೆಯೆಂಬ ಸುಳಿವು ಇಂಥ ವರದಿಗಳಿಂದಲೇ ದೊರೆಯಿತು. ಮರುವರ್ಷವೇ ಆ ಲಸಿಕೆಯನ್ನು ಹಿಂದಕ್ಕೆ ಪಡೆದರು. ಮುಂದೆ ಬಂದ ರೋಟಾವೈರಸ್ ಲಸಿಕೆಗಳನ್ನು ಹೆಚ್ಚಿನ ಎಚ್ಚರದಿಂದ ಪರೀಕ್ಷಿಸಿದರು. ಮುಚ್ಚಿಟ್ಟಿದ್ದರೆ ಇದು ಆಗುತ್ತಿರಲಿಲ್ಲ.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು. ಪರಿಹಾರದ ಯೋಜನೆ ಯಾವ ರೂಪದಲ್ಲಿ ಬಂದರೂ ಅದರ ಲೆಕ್ಕ ಮೊದಲ ದಿನದಿಂದಲೇ ಬಯಲಿನಲ್ಲಿರಬೇಕು. ಲಸಿಕೆವಾರು, ಜಿಲ್ಲಾವಾರು ಅರ್ಜಿಗಳ ಸಂಖ್ಯೆ, ಹಂಚಿದ ಡೋಸುಗಳ ಸಂಖ್ಯೆ, ತೀರ್ಮಾನಕ್ಕೆ ಹಿಡಿದ ಕಾಲ, ಒಪ್ಪಿದ ಮತ್ತು ತಳ್ಳಿದ ಕಾರಣ ಇವೆಲ್ಲ ಕನ್ನಡದಲ್ಲಿ ಸಿಗಬೇಕು. ನೊಂದವರ ಹೆಸರು, ಊರು ಹೊರಬೀಳಬಾರದು. ಈ ಮಾತು ನಮ್ಮ ಪದ್ಧತಿಗೂ ಅನ್ವಯಿಸುತ್ತದೆ. ಆಯುರ್ವೇದ ಔಷಧಗಳ ದುಷ್ಪರಿಣಾಮಗಳನ್ನು ವರದಿ ಮಾಡಲು ಆಯುಷ್ ಸಚಿವಾಲಯವೂ ವ್ಯವಸ್ಥೆ ಮಾಡಿದೆ. ಗಿಡಮೂಲಿಕೆಯಿಂದ ಏನೂ ಆಗದೆಂದು ಕೈಕಟ್ಟಿ ಕೂರದೆ ನಾವು ವೈದ್ಯರು ಅದಕ್ಕೆ ವರದಿ ಕಳಿಸಬೇಕು. ಪರರ ಲೆಕ್ಕ ಕೇಳುವವರು ತಮ್ಮ ಲೆಕ್ಕವನ್ನೂ ತೆರೆದಿಡಬೇಕಷ್ಟೆ.

ಸದ್ಭಕ್ತರು ತಮ್ಮ ಮಟ್ಟದಲ್ಲಿ ಮಾಡಬಹುದಾದದ್ದೂ ಇದೆ. ಲಸಿಕೆ ಹಾಕಿಸಿದ ಮೇಲೆ ಅರ್ಧ ತಾಸು ಅಲ್ಲಿಯೇ ಕುಳಿತಿರಿ. ತಾಯಿ ಕಾರ್ಡನ್ನು ಜೋಪಾನವಾಗಿಡಿ. ಲಸಿಕೆಯ ಹೆಸರು, ದಿನಾಂಕ, ಬ್ಯಾಚ್ ಸಂಖ್ಯೆಯನ್ನು ಕೇಳಿ ಬರೆದಿಟ್ಟುಕೊಳ್ಳಿ. ಸಣ್ಣ ಜ್ವರ, ಚುಚ್ಚಿದ ಜಾಗದ ಬಾವು ಸಹಜ. ಉಸಿರಾಟದ ತೊಂದರೆ, ಸೆಳವು, ಎಚ್ಚರ ತಪ್ಪುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಆಶಾ ಕಾರ್ಯಕರ್ತೆಗೂ ವೈದ್ಯಾಧಿಕಾರಿಗೂ ತಿಳಿಸಿ, ವರದಿಯಾಯಿತೇ ಎಂದು ಮತ್ತೆ ಹೋಗಿ ವಿಚಾರಿಸಿರಿ. ಮುಂದಿನ ಲಸಿಕೆಯನ್ನು ನೀವಾಗಿಯೇ ನಿಲ್ಲಿಸದೆ ವೈದ್ಯರನ್ನು ಕೇಳಿರಿ. ನೀವು ಬರೆಯಿಸಿದ ಒಂದು ವರದಿ ಇನ್ನೊಂದು ಮನೆಯ ಕೂಸನ್ನು ಕಾಯಬಹುದು.